ವೀಕ್ಷಕನ ಕೆಲಸವೂ ಅದರ ಮೇರೆಯೂ



ಚುನಾವಣೆ ಬಂದಾಗಲೆಲ್ಲಾ ತುಮಕೂರು ಜಿಲ್ಲೆಗೆ ಪರರಾಜ್ಯಗಳಿಂದ ಕೆಲವು ಅಧಿಕಾರಿಗಳು ಬರುವರು. ಇವರು ಭಾರತದ ಚುನಾವಣಾ ಆಯೋಗದವರಿಂದ ಕಳುಹಿಸಲ್ಪಟ್ಟ ವೀಕ್ಷಕರು. 2024ನೆಯ ಇಸವಿ ಏಪ್ರಿಲ್ 26ರಂದು ಲೋಕಸಭೆಗೆ ಮತದಾನವಾದಾಗ ಗುಬ್ಬಿಯವರು ತುಮಕೂರು ಕ್ಷೇತ್ರದಲ್ಲಿಯೂ ಕುಣಿಗಲಿನವರು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿಯೂ ಮತಕೊಟ್ಟರು. ಕ್ಷೇತ್ರವು ಬೇರೆಯಾದರೂ ಇವರ ವಿಷಯವಾಗಿ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಏಳತಕ್ಕ ಪ್ರಶ್ನೆಯು ಒಂದೇ: ನೋಡಲಿಕ್ಕೆ ಬಂದವನು ತಪ್ಪನ್ನು ಕಂಡು ಬರೆದುಕೊಂಡು ಹೋಗುವದಾದರೆ, ಅವನು ಬಂದದರಿಂದ ಪ್ರಯೋಜನವೇನು?

ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸಬಾರದು. ತಪ್ಪನ್ನು ಕಂಡವನು ಸುಮ್ಮನಿರುವದು ದೋಷವೇ. ಆದರೆ ಸುಮ್ಮನಿರುವದು ಬೇರೆ, ತನಗೆ ಕೊಡದ ಅಧಿಕಾರಕ್ಕೆ ಕೈಚಾಚದಿರುವದು ಬೇರೆ. ದಾಯಾದಿಗಳಿಬ್ಬರು ಕಣದಲ್ಲಿ ರಾಗಿಯನ್ನು ಪಾಲುಮಾಡಿಕೊಳ್ಳುವಾಗ ಊರಿನ ಹಿರಿಯನೊಬ್ಬನನ್ನು ಕರೆಯುವರು. ಅಳೆಯುವವನೊಬ್ಬನು, ನೋಡುವವನು ಮತ್ತೊಬ್ಬನು. ಅಳತೆ ಸರಿಯಿಲ್ಲವೆಂದು ಆ ಹಿರಿಯನು ಕೊಳಗವನ್ನು ಕಸಿದುಕೊಂಡು ತಾನೇ ಅಳೆಯಲಾರಂಭಿಸಿದರೆ, ಅವನ ಅಳತೆಯನ್ನು ನೋಡುವವರಾರು? ಆ ಗಳಿಗೆಯಲ್ಲಿ ಕಣದಲ್ಲಿ ಅಳೆಯುವವರಿಬ್ಬರಾದರು, ಸಾಕ್ಷಿ ಇಲ್ಲದೆ ಹೋಯಿತು.

ಹೀಗಿರುವದರಿಂದಲೇ ವೀಕ್ಷಕನ ಕೆಲಸಕ್ಕೆ ಮೇರೆಯುಂಟು. ಅವನು ಮತಗಟ್ಟೆಗಳಿಗೆ ಹೋಗಬಹುದು, ದೂರುಗಳನ್ನು ಕೇಳಬಹುದು, ಅಭ್ಯರ್ಥಿಗಳ ಖರ್ಚಿನ ಲೆಕ್ಕವನ್ನು ಶೋಧಿಸುವದಕ್ಕೆ ಬೇರೆ ವೀಕ್ಷಕರೂ ಇರುವರು. ಕಂಡದ್ದನ್ನು ಆಯೋಗಕ್ಕೆ ಬರೆಯುವದು ಅವನ ಮುಖ್ಯ ಕರ್ತವ್ಯ. ಆದರೆ ಮತಗಟ್ಟೆಯನ್ನು ನಡಿಸುವವನು ಅದರ ಅಧ್ಯಕ್ಷಾಧಿಕಾರಿಯೇ. ಮತಕೊಡುವ ಮರೆಯೊಳಗೆ ಇಣಿಕಿ ನೋಡುವ ಅಧಿಕಾರವು ಯಾವ ವೀಕ್ಷಕನಿಗೂ ಇಲ್ಲ. 1951ರ ಪ್ರಜಾಪ್ರತಿನಿಧಿತ್ವದ ಕಾಯಿದೆಗೆ 1996ರಲ್ಲಿ 20ಬಿ ಎಂಬ ಪ್ರಕರಣವನ್ನು ಸೇರಿಸಿ ಅವನಿಗೆ ಒಂದು ವಿಶೇಷ ಅಧಿಕಾರವನ್ನು ಕೊಟ್ಟರು. ಬಹಳ ಮತಗಟ್ಟೆಗಳನ್ನು ಬಲಾತ್ಕಾರದಿಂದ ವಶಮಾಡಿಕೊಂಡರೆ, ಇಲ್ಲವೆ ಮತಪತ್ರಗಳನ್ನು ಅಪಹರಿಸಿದರೆ ಅಥವಾ ಕೆಡಿಸಿದರೆ, ಎಣಿಕೆಯನ್ನು ನಿಲ್ಲಿಸೆಂದೂ ಫಲಿತಾಂಶವನ್ನು ಪ್ರಕಟಿಸಬೇಡವೆಂದೂ ಅವನು ಚುನಾವಣಾಧಿಕಾರಿಗೆ ಆಜ್ಞಾಪಿಸಬಹುದು. ಆಗಲೂ ಅವನು ಕೂಡಲೇ ಆಯೋಗಕ್ಕೆ ವರದಿಮಾಡತಕ್ಕದ್ದು. ಮುಂದಿನ ತೀರ್ಮಾನವು ಆಯೋಗದ್ದು. ತಡೆಯುವ ಅಧಿಕಾರ ಅವನಿಗುಂಟು. ಗೆದ್ದವನು ಇಂಥವನೆಂದು ಹೇಳುವ ಅಧಿಕಾರ ಇಲ್ಲ.

ಇದಕ್ಕೆ ವಿರೋಧವಾಗಿ ನಮ್ಮ ಜಿಲ್ಲೆಯಿಂದಲೇ ಒಂದು ದೃಷ್ಟಾಂತವನ್ನು ತರಬಹುದು. 2018ರ ವಿಧಾನಸಭಾ ಚುನಾವಣೆಯಲ್ಲಿ ತುಮಕೂರು ಗ್ರಾಮಾಂತರ ಕ್ಷೇತ್ರದ ಮತದಾರರಿಗೆ ನಕಲಿ ವಿಮಾ ಬಾಂಡುಗಳನ್ನು ಹಂಚಲಾಯಿತೆಂದು ಸೋತ ಅಭ್ಯರ್ಥಿಯು ಹೈಕೋರ್ಟಿಗೆ ಹೋದನು. ಆ ಆಯ್ಕೆಯು ಅಸಿಂಧುವೆಂದು ಹೈಕೋರ್ಟು ತೀರ್ಪುಕೊಟ್ಟದ್ದು 2023ರ ಮಾರ್ಚ್ 30ರಂದು. ಮೇಲಿನ ಕೋರ್ಟಿಗೆ ಹೋಗಲು ಅವಕಾಶವಾಗುವಂತೆ ಆ ತೀರ್ಪನ್ನು ಒಂದು ತಿಂಗಳು ತಡೆಹಿಡಿಯಿತು. ಮುಂದಿನ ಮತದಾನವು ಅದೇ ಮೇ 10ರಂದು! ಐದು ವರುಷಗಳ ಅವಧಿಯು ಬಹುಮಟ್ಟಿಗೆ ಕಳೆದೇ ಹೋಗಿತ್ತು. ಇಷ್ಟು ತಡವಾದ ನ್ಯಾಯಕ್ಕಿಂತ ವೀಕ್ಷಕನೇ ಅಂದು ತೀರ್ಮಾನಿಸಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ನೋವಿಲ್ಲದೆ ಉತ್ತರ ಹೇಳಲಾಗದು. ಆದರೂ ಯೋಚಿಸಿರಿ: ಎದುರುಪಕ್ಷದ ಮಾತನ್ನು ವಿಚಾರಿಸದೆ, ಪರರಾಜ್ಯದ ಒಬ್ಬ ಮನುಷ್ಯನು ಒಂದು ದಿನದಲ್ಲಿ ಸಾವಿರಾರು ಜನರ ಮತವನ್ನು ಅಳಿಸಬಹುದಾದರೆ, ಆ ಮನುಷ್ಯನನ್ನು ಕೊಂಡುಕೊಳ್ಳುವದಕ್ಕೆ ಎಷ್ಟು ಮಂದಿ ಕಾದಿರರು! ನ್ಯಾಯಾಧಿಪತಿಯು ತಡಮಾಡಿದರೆ ನ್ಯಾಯಾಧಿಪತಿಯನ್ನು ಬೇಗನೆ ನಡಿಸಬೇಕೇ ಹೊರತು ಸಾಕ್ಷಿಯನ್ನು ನ್ಯಾಯಾಧಿಪತಿಯನ್ನಾಗಿ ಮಾಡಬಾರದು.

ಮತ್ತೊಂದು ಮೇರೆಯುಂಟು, ಇದು ವೀಕ್ಷಕನ ಬಾಯಿಗೆ ಸಂಬಂಧಪಟ್ಟದ್ದು. ಆಫ್ರಿಕಾ ಖಂಡದ ಕೆನ್ಯಾ ದೇಶದಲ್ಲಿ 2017ರ ಆಗಸ್ಟ್ 8ರಂದು ರಾಷ್ಟ್ರಾಧ್ಯಕ್ಷನ ಚುನಾವಣೆಯಾಯಿತು. ಹೊರದೇಶಗಳಿಂದ ಬಂದ ವೀಕ್ಷಕರು ಮತದಾನವನ್ನು ನೋಡಿ ಮೆಚ್ಚಿಕೆಯ ಮಾತುಗಳನ್ನಾಡಿದರು. ಸೆಪ್ಟೆಂಬರ್ 1ರಂದು ಆ ದೇಶದ ಸುಪ್ರೀಂ ಕೋರ್ಟು ಆ ಚುನಾವಣೆಯನ್ನು ರದ್ದುಮಾಡಿತು. ಯಾಕಂದರೆ ಮತಗಳ ಲೆಕ್ಕವನ್ನು ಕಳುಹಿಸಿದ ಕ್ರಮದಲ್ಲಿ ದೋಷಗಳು ಕಂಡುಬಂದವು. ಸಾಲಾಗಿ ನಿಂತ ಜನರನ್ನು ಕಂಡವನು ಸಾಲಿನ ವಿಷಯದಲ್ಲಿ ಸಾಕ್ಷಿಕೊಡಲಿ. ತಾನು ಕಾಣದ ಲೆಕ್ಕವನ್ನು ಕುರಿತು ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳದಿರಲಿ. ಕಂಡದ್ದಕ್ಕಿಂತ ಹೆಚ್ಚು ಹೇಳುವದೂ ಕಂಡದ್ದನ್ನು ಮುಚ್ಚುವದೂ ಸುಳ್ಳುಸಾಕ್ಷಿಯ ಎರಡು ಮುಖಗಳೇ ಆಗಿವೆ.

ಇನ್ನು ನಮ್ಮ ಪಾಲಿನ ಕೆಲಸವೇನು? ವೀಕ್ಷಕನು ರಾತ್ರಿಯಲ್ಲಿ ನಮ್ಮ ಜಗಲಿಯ ಮೇಲೆ ಕೂತಿರಲಾರನು. ಬಾಗಿಲು ತಟ್ಟಿ ಹಣವನ್ನೋ ಸೀರೆಯನ್ನೋ ಕೊಡುವವನನ್ನು ಕಾಣುವವರು ನಾವೇ. ಚುನಾವಣಾ ಆಯೋಗದವರು 2018ರಿಂದ ಸಿ-ವಿಜಿಲ್ ಎಂಬ ಸಾಧನವನ್ನು ನಡಿಸುತ್ತಾರೆ. ಮೊಬೈಲಿನಿಂದ ಚಿತ್ರ ತೆಗೆದು, ಹೆಸರನ್ನು ಹೇಳದೆಯೂ ದೂರು ಕೊಡಬಹುದು. ಕೂಲಿಗೆ ಹೋಗುವವನು ಧಣಿಯ ಮೇಲೆ ದೂರು ಹೇಳುವದು ಸುಲಭವಲ್ಲವೆಂದು ನಾವು ಬಲ್ಲೆವು. ಆದರೆ ತೆಗೆದುಕೊಳ್ಳದಿರುವದಕ್ಕೆ ಯಾರ ಅಪ್ಪಣೆಯೂ ಬೇಡ. ದೂರು ಕೊಡುವಾಗಲೂ, ಕಣ್ಣಾರೆ ಕಂಡದ್ದೆಷ್ಟು, ಕಿವಿಯಿಂದ ಕೇಳಿದ್ದೆಷ್ಟು, ಹಗೆಯಿಂದ ಊಹಿಸಿದ್ದೆಷ್ಟು ಎಂಬದನ್ನು ಮೊದಲು ಬೇರೆಮಾಡಿಕೊಳ್ಳೋಣ.

ನಾವು ಬಾಯಿ ಮುಚ್ಚಿಕೊಂಡಿದ್ದರೆ ವೀಕ್ಷಕನು ಕುರುಡನಾಗುವನು. ನಾವು ಸುಳ್ಳು ಹೇಳಿದರೆ ಅವನು ದಾರಿತಪ್ಪುವನು. ಅವನು ತನ್ನ ಮೇರೆಯೊಳಗೆ ನಿಲ್ಲಲಿ. ನಮಗೆ ನೇಮಕವಾದ ಮೇರೆಯೊಳಗೆ ನಾವು ಎಚ್ಚರವಾಗಿರೋಣ.