ನಾಳೆ ಬಾ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತೆ, ಬಾಗಿಲು ತೆಗೆದರೆ ಕತೆ ಮುಗೀತು ಅನ್ನೋ ಸುದ್ದಿ. ಬರೆದದ್ದನ್ನು ಓದಿ ದೆವ್ವ ವಾಪಸ್ಸು ಹೋಗಬೇಕು. ಮಾರನೇ ದಿನ ಬಂದರೂ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಅನ್ನೋದು ನಮ್ಮ ಪುಣ್ಯ. ದೆಹಲಿಗೆ ಓದಲು ಬಂದಿರುವ ನಮ್ಮ ಕಡೆಯ ಹುಡುಗರನ್ನು ನೋಡುವಾಗ ನನಗೆ ಆ ಬಾಗಿಲುಗಳು ನೆನಪಾಗುತ್ತವೆ. ಇವರೂ ಹಾಗೇ ಬರೆದಿಟ್ಟುಕೊಂಡಿರುತ್ತಾರೆ, ಬಾಗಿಲ ಮೇಲಲ್ಲ, ಪುಸ್ತಕದ ಮೇಲೆ.

ಕರೋಲ್ ಬಾಗಿನ ಪಕ್ಕದ ಓಲ್ಡ್ ರಾಜಿಂದರ್ ನಗರ ಐ.ಎ.ಎಸ್. ಕನಸಿನವರ ಬಡಾವಣೆ. ಒಂದು ಕೋಣೆಗೆ ಪ್ಲೈವುಡ್ ಅಡ್ಡ ನಿಲ್ಲಿಸಿ ಎರಡು ಮಾಡಿರುತ್ತಾರೆ. ಮಂಚ, ಮೇಜು, ಗೋಡೆಗೆ ಭಾರತದ ನಕ್ಷೆ, ಅಷ್ಟೇ. ಅಲ್ಲಿ ಸೆಕೆ ತಡೆಯದವರು ತಿಂಗಳ ಲೆಕ್ಕದಲ್ಲಿ ‘ಲೈಬ್ರರಿ’ಯ ಒಂದು ಕುರ್ಚಿ ಬಾಡಿಗೆ ಹಿಡಿಯುತ್ತಾರೆ. 2024ರ ಜುಲೈ 27ರ ಮಳೆಯಲ್ಲಿ ಇಲ್ಲಿನ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಯ ಲೈಬ್ರರಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಆಗ ನಮ್ಮೂರುಗಳ ತಾಯಂದಿರಿಗೂ ಈ ಬಡಾವಣೆಯ ಹೆಸರು ಗೊತ್ತಾಯಿತು.

ನನಗೆ ಪರಿಚಯದ ಹುಡುಗನೊಬ್ಬ ಇಲ್ಲಿದ್ದ. ಹಾಸನದ ಕಡೆಯವನು, ಅಪ್ಪ ಆಲೂಗಡ್ಡೆ ಬೆಳೆಯುವವರು. ರಾತ್ರಿ ಒಂಬತ್ತಕ್ಕೆ ಊರಿಂದ ಫೋನು. “ಉಂಡ್ಯಾ ಮಗಾ? ಓದ್ತಿದೀಯಾ?” “ಹೂಂ ಕಣವ್ವ.” ಆ ‘ಹೂಂ’ ಹೇಳಿದ ಮೇಲೆ ಮತ್ತೆ ಎರಡು ಗಂಟೆ ಏನೂ ಓದಲಾಗುವುದಿಲ್ಲ ಸಾರ್, ಅಂತ ಒಮ್ಮೆ ಹೇಳಿದ. ದಿನಕ್ಕೆ ಹದಿನಾಲ್ಕು ಗಂಟೆಯ ವೇಳಾಪಟ್ಟಿಯನ್ನು ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದು ಅಂಟಿಸಿದ್ದ. ಓದುವುದು ಹೇಗೆ ಅನ್ನುವ ವಿಡಿಯೋಗಳನ್ನು ರಾತ್ರಿ ಎರಡರವರೆಗೆ ನೋಡುತ್ತಿದ್ದ. ರೂಮು ಗುಡಿಸುತ್ತಿದ್ದ, ಬಟ್ಟೆ ಒಗೆಯುತ್ತಿದ್ದ. ಓದು ಒಂದನ್ನು ಬಿಟ್ಟು ಎಲ್ಲಾ ಮಾಡುತ್ತಿದ್ದ.

ಇಂಥವನನ್ನು ಸೋಮಾರಿ ಅನ್ನಬಹುದೆ? ನಮ್ಮಲ್ಲಿ ‘ಮೈಗಳ್ಳ’ ಅನ್ನುವ ಒಳ್ಳೆಯ ಮಾತಿದೆ, ಆದರೆ ಇವನು ಮೈ ಕದಿಯುತ್ತಿರಲಿಲ್ಲ. ಸೋಮಾರಿಗೆ ಮಲಗಿದರೆ ನಿದ್ದೆ ಬರುತ್ತದೆ, ಇವನಿಗೆ ಅದೂ ಇಲ್ಲ. ಪತಂಜಲಿ ಯೋಗಸೂತ್ರದಲ್ಲಿ ಮನಸ್ಸಿಗೆ ಅಡ್ಡ ಬರುವ ಒಂಬತ್ತನ್ನು ಎಣಿಸುವಾಗ ‘ಸ್ತ್ಯಾನ’ ಮತ್ತು ‘ಆಲಸ್ಯ’ವನ್ನು ಬೇರೆ ಬೇರೆ ಇಟ್ಟಿದ್ದಾನೆ. ಆಲಸ್ಯ ಅಂದರೆ ಭಾರ, ಜಡತೆ. ಸ್ತ್ಯಾನ ಅಂದರೆ ಮನಸ್ಸು ಕೆಲಸಕ್ಕೆ ಒಗ್ಗದೆ ಹೆಪ್ಪುಗಟ್ಟಿ ನಿಲ್ಲುವುದು. ಇವೆರಡನ್ನು ಒಂದೇ ಅಂದುಕೊಂಡು ಬೈಯುವವರು ರೋಗ ಒಂದಾದರೆ ಇನ್ನೊಂದಕ್ಕೆ ಔಷಧ ಕೊಡುತ್ತಾರೆ.

ಹೆಪ್ಪುಗಟ್ಟಿಸುವುದು ಭಯ. ಮನೆಯಿಂದ ದೂರ ಇದ್ದಷ್ಟೂ ಅದು ದೊಡ್ಡದಾಗುತ್ತದೆ, ಏಕೆಂದರೆ ಪ್ರತಿ ತಿಂಗಳೂ ದುಡ್ಡು ಬರುತ್ತದೆ. ಹುಡುಗ ಪುಸ್ತಕ ತೆರೆದರೆ ಕಾಣುವುದು ಅಪ್ಪನ ಸಾಲ, ಸಂವಿಧಾನದ ಅನುಚ್ಛೇದ ಅಲ್ಲ. ಓದಿ ಫೇಲಾದರೆ ‘ನನ್ನ ಯೋಗ್ಯತೆ ಇಷ್ಟೇ’ ಅಂತಾಗುತ್ತದೆ. ಓದದೇ ಫೇಲಾದರೆ ಹಾಗೇನೂ ಸಾಬೀತಾಗುವುದಿಲ್ಲವಲ್ಲ! ಪರೀಕ್ಷೆಯ ನಿಯಮವೂ ಇದಕ್ಕೆ ಅನುಕೂಲವಾಗಿದೆ. ಸಾಮಾನ್ಯ ವರ್ಗದವರಿಗೆ ಆರು ಅವಕಾಶ. ಅರ್ಜಿ ಹಾಕಿ ಪ್ರಿಲಿಮ್ಸ್‌ಗೆ ಹೋಗದಿದ್ದರೆ ಅದು ಲೆಕ್ಕಕ್ಕೇ ಇಲ್ಲ. 2023ರಲ್ಲಿ 10,16,850 ಜನ ಅರ್ಜಿ ಹಾಕಿದ್ದರು, ಬರೆದವರು 5,92,141. ಉಳಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಲ್ಲಿ ಜ್ವರ ಬಂದವರು, ನೌಕರಿ ಸಿಕ್ಕವರು ಇರಬಹುದು. ‘ನಾಳೆ ಬಾ’ ಅಂದವರೂ ಕಡಿಮೆ ಇರಲಾರರು. ನಮ್ಮ ಹುಡುಗ “ಅಟೆಂಪ್ಟ್ ಉಳಿಸ್ಕೋತೀನಿ” ಅಂತ ಎರಡು ವರ್ಷ ಹಾಲಿಗೇ ಹೋಗಲಿಲ್ಲ. ವಯಸ್ಸನ್ನು ಮಾತ್ರ ಹಾಗೆ ಉಳಿಸಲಾಗುವುದಿಲ್ಲ. ಸಾಮಾನ್ಯ ವರ್ಗಕ್ಕೆ ಮೂವತ್ತೆರಡು ಅಂದರೆ ಮೂವತ್ತೆರಡೇ.

ಹಾಗಾದರೆ ಒಂದು ದಿನ ಓದದೇ ಕಳೆದರೆ ಅಪ್ಪನಿಗೆ ದ್ರೋಹ ಮಾಡಿದಂತೆಯೆ? ಊರಲ್ಲಿ ಎಲ್ಲರೂ ಹೌದು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪ ಕಳಿಸಿದ್ದು ಗಂಟೆ ಲೆಕ್ಕದ ಕೂಲಿಯಲ್ಲ, ಆದ್ದರಿಂದ ಗಂಟೆ ಲೆಕ್ಕದಲ್ಲಿ ತೀರಿಸಲೂ ಬರುವುದಿಲ್ಲ. ತೀರದ ಸಾಲವನ್ನು ತೀರಿಸಲು ಕೂತವನು ಹದಿನಾಲ್ಕು ಗಂಟೆಯ ಪಟ್ಟಿ ಬರೆಯುತ್ತಾನೆ, ಹತ್ತು ಗಂಟೆಗೇ ಸೋಲುತ್ತಾನೆ, ಇವತ್ತಿನ ದಿನ ಕೆಟ್ಟಿತು, ನಾಳೆಯಿಂದ ಸರಿಯಾಗಿ ಅನ್ನುತ್ತಾನೆ. ದ್ರೋಹ ಎಲ್ಲಾದರೂ ಇದ್ದರೆ ಆ ‘ಹೂಂ’ನಲ್ಲಿದೆ.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿಗೆ ಹೊಂದುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರಂತೆ. ನಾವೋ, ಚುಚ್ಚಿದಷ್ಟೂ ಓದುತ್ತಾನೆ ಅಂದುಕೊಂಡು ಬೆಳೆದವರು. ಎತ್ತಿಗೆ ಚಾವಟಿ ಅನ್ನೋ ಲೆಕ್ಕ. ಇದನ್ನು ಹೇಳಿದರೆ ಹಿರಿಯರು ಕೇಳುತ್ತಾರೆ: ಕ್ಷಮಿಸಿಕೊಳ್ಳೋದು ಸುಲಭ ಕಣ್ರೀ, ಅದನ್ನೇ ಅಭ್ಯಾಸ ಮಾಡಿಕೊಂಡರೆ? ಮಾತಿನಲ್ಲಿ ಸತ್ಯವಿದೆ. ಆದರೆ ಕ್ಷಮೆ ಬೇಕಾದರೆ ಮೊದಲು ಆದದ್ದನ್ನು ಆದ ಹಾಗೆ ಹೇಳಬೇಕು. ನೆಪ ಹೇಳುವವನು ಆ ಕೆಲಸವನ್ನೇ ಮಾಡುವುದಿಲ್ಲ.

ಆ ಹುಡುಗ ಒಂದು ರಾತ್ರಿ ಫೋನಿನಲ್ಲಿ, “ಇವತ್ತು ಏನೂ ಓದ್ಲಿಲ್ಲ ಕಣವ್ವ, ಪುಸ್ತಕ ಕಂಡ್ರೆ ಹೆದ್ರಿಕೆ ಆಯ್ತದೆ” ಅಂದನಂತೆ. ಅತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ ತಾಯಿ, “ನಾಳೆ ಓದಿದ್ರಾಯ್ತು ಬುಡು, ಉಂಡ್ಯಾ?” ಅಂದರಂತೆ. ಅದೇ ‘ನಾಳೆ’, ನೋಡಿ. ಅವಳ ಬಾಯಲ್ಲಿ ಬಂದಾಗ ಅದರಲ್ಲಿ ದೆವ್ವ ಇರಲಿಲ್ಲ.

ಆಮೇಲೆ ಅವನು ಬಣ್ಣದ ಪಟ್ಟಿ ಕಿತ್ತು, ಬೆಳಗ್ಗೆ ಫೋನು ಮುಟ್ಟುವ ಮೊದಲು ಒಂದೇ ಒಂದು ಉತ್ತರ ಬರೆಯುವುದು ಅಂತ ಮಾಡಿಕೊಂಡ. ಮೇನ್ಸ್‌ನಲ್ಲಿ ಹತ್ತು ಅಂಕದ ಪ್ರಶ್ನೆಗೆ ನೂರೈವತ್ತು ಪದ, ಏಳೆಂಟು ನಿಮಿಷದ ಕೆಲಸ. ಕೆಟ್ಟದಾಗಿ ಬರೆದರೂ ಸರಿ, ಬರೆಯಬೇಕು. ಒಂದು ಎರಡಾಯಿತು, ಕೆಲವು ದಿನ ಐದಾಯಿತು, ಕೆಲವು ದಿನ ಒಂದೇ. ಆ ವರ್ಷ ಹೋಗಿ ಪ್ರಿಲಿಮ್ಸ್ ಬರೆದ. ಪಾಸಾಗಲಿಲ್ಲ. ಫಲಿತಾಂಶದ ದಿನ ತಾನೇ ಊರಿಗೆ ಫೋನು ಮಾಡಿ ಹೇಳಿದ. ಈಗ ನೋಯ್ಡಾದಲ್ಲಿ ಒಂದು ಸಣ್ಣ ನೌಕರಿಯಲ್ಲಿದ್ದಾನೆ. ಬೆಳಗಿನ ಉತ್ತರ ಬರೆದೇ ಮೆಟ್ರೋ ಹತ್ತುತ್ತಾನೆ.