ತಾಯಿಗೆ ನೆನಪಿರಬಾರದು

ನಮ್ಮ ಆಯಿ ಎಲ್ಲವ್ವನ ಕತೆ ಹೇಳುವಾಗ ಒಂದು ಕಡೆ ದನಿ ಇಳಿಸುತ್ತಿದ್ದಳು. ಬೈಲಹೊಂಗಲದ ಕಡೆಯ ನಮ್ಮೂರಿಂದ ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಸವದತ್ತಿಯ ಗುಡ್ಡಕ್ಕೆ ಹೋಗುತ್ತಿದ್ದ ದಿನಗಳವು. ಬುಟ್ಟಿಯಲ್ಲಿ ಕಡಬು, ಹೋಳಿಗೆ, ಬದನೆಕಾಯಿ ಪಲ್ಯ. ಹಣೆ ತುಂಬ ಭಂಡಾರ. ಎಲ್ಲವ್ವ ಎಂದರೆ ಜಮದಗ್ನಿಯ ಹೆಂಡತಿ ರೇಣುಕೆ. ಆಕೆ ದಿನಾಲೂ ಮಲಪ್ರಭೆಗೆ ಹೋಗಿ, ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಮೇಲಿಟ್ಟು ನೀರು ತರುತ್ತಿದ್ದಳಂತೆ. ಒಂದು ದಿನ ಹೊಳೆಯಲ್ಲಿ ನೀರಾಟ ಆಡುತ್ತಿದ್ದವರನ್ನು ನೋಡುತ್ತ ನಿಂತಳು. ಮನಸ್ಸು ಒಂದು ಗಳಿಗೆ ಅತ್ತ ಹೋಯಿತು, ಕೊಡ ಕರಗಿತು. ತಾಯಿಯ ತಲೆ ಕಡಿ ಎಂದು ಜಮದಗ್ನಿ ಮಕ್ಕಳಿಗೆ ಹೇಳಿದ. ಪರಶುರಾಮ ಕಡಿದ. ಇಲ್ಲಿ ಆಯಿಯ ದನಿ ಇಳಿಯುತ್ತಿತ್ತು. ಮರುಗಳಿಗೆಗೇ ಏರುತ್ತಿತ್ತು: “ಅಪ್ಪ ಖುಷಿಯಾಗಿ ವರಾ ಕೊಟ್ಟ, ಮಗಾ ಅವ್ವನ್ನ ಮತ್ತ ಎಬ್ಬಿಸಿದ. ಉಧೋ ಎಲ್ಲವ್ವಾ!”

ಆಯಿ ಹೇಳದೆ ಬಿಟ್ಟ ಒಂದು ಮಾತನ್ನು ನಾನು ದೊಡ್ಡವಳಾದ ಮೇಲೆ ಮಹಾಭಾರತದ ವನಪರ್ವದಲ್ಲಿ ಓದಿದೆ. ಅಲ್ಲಿ ಪರಶುರಾಮ ಕೇಳುವ ವರ ಒಂದೇ ಅಲ್ಲ. ತಾಯಿ ಬದುಕಲಿ ಎನ್ನುತ್ತಾನೆ. ಅದರ ಬೆನ್ನಿಗೇ, ಕೊಂದದ್ದು ಆಕೆಗೆ ನೆನಪಿರದಿರಲಿ, ಆ ಪಾಪ ನನಗೆ ತಟ್ಟದಿರಲಿ ಎನ್ನುತ್ತಾನೆ. ತಂದೆ ಎಲ್ಲಕ್ಕೂ ಆಗಲಿ ಎನ್ನುತ್ತಾನೆ. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕೊಡಲಿಯ ಪೆಟ್ಟಿಗಿಂತ ಈ ಎರಡನೆಯ ವರ ನನ್ನನ್ನು ಹೆಚ್ಚು ಅಲ್ಲಾಡಿಸಿತು. ಪೆಟ್ಟು ಒಂದು ಗಳಿಗೆಯ ಸಿಟ್ಟಿನದು ಎಂದು ಯಾರಾದರೂ ವಾದಿಸಿಯಾರು. ಈ ವರವನ್ನಂತೂ ಸಿಟ್ಟು ಇಳಿದ ಮೇಲೆ, ನಿಧಾನವಾಗಿ ಯೋಚಿಸಿ ಕೇಳಲಾಗಿದೆ. ಕೊಟ್ಟವನು ಗಂಡ, ಪಡೆದವನು ಮಗ. ನೆನಪು ಯಾರದೋ ಅವಳನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ.

ಹೆಂಗಸರ ಮೇಲಿನ ಹಿಂಸೆಯ ವಿಷಯ ಬಂದಾಗೆಲ್ಲ ನಮ್ಮ ಕಡೆ ಒಂದು ಮಾತು ಬರುತ್ತದೆ: ದೇವಿಯನ್ನು ಪೂಜಿಸುವ ನಾಡಿನಲ್ಲಿ ಹೀಗಾಗಬಹುದೇ? ಈ ಪ್ರಶ್ನೆ ಕೇಳುವವರು ಪೂಜೆಯೂ ಪೆಟ್ಟೂ ಒಂದಕ್ಕೊಂದು ವಿರುದ್ಧ ಎಂದು ನಂಬಿರುತ್ತಾರೆ. ನನಗೆ ಈಗ ಆ ನಂಬಿಕೆ ಉಳಿದಿಲ್ಲ. ಎಲ್ಲವ್ವನ ಕತೆಯಲ್ಲಿ ಪೂಜೆ ಬರುವುದು ಪೆಟ್ಟಿನ ನಂತರ, ಮರೆವಿನ ನಂತರ. ತಲೆ ಕಡಿಸಿಕೊಂಡು, ಎದ್ದು, ಏನೂ ಆಗದವಳಂತೆ ಅದೇ ಮನೆಯಲ್ಲಿ ಬಾಳಿದವಳಿಗೆ ಆ ಕತೆ ದೇವಿಯ ಪಟ್ಟ ಕೊಡುತ್ತದೆ. ಎದ್ದು ಕುಳಿತು “ನನ್ನನ್ನು ಕೊಂದವರಾರು?” ಎಂದು ರೇಣುಕೆ ಕೇಳಿದ್ದರೆ ಕತೆ ಏನಾಗುತ್ತಿತ್ತು? ಆ ಪ್ರಶ್ನೆ ಹುಟ್ಟದಂತೆ ಮಾಡಲಿಕ್ಕೇ ಆ ವರ.

ಗುಡ್ಡದ ಹುಣ್ಣಿಮೆಗಳನ್ನೇ ನೋಡಿ. ಹೊಸ್ತಿಲ ಹುಣ್ಣಿಮೆಗೆ ನಮ್ಮ ಜನ ರಂಡಿ ಹುಣ್ಣಿಮೆ ಎನ್ನುತ್ತಾರೆ. ಕಾರ್ತವೀರ್ಯನ ಮಕ್ಕಳು ಜಮದಗ್ನಿಯನ್ನು ಕೊಂದದ್ದರಿಂದ ಎಲ್ಲವ್ವ ಆ ದಿನ ವಿಧವೆಯಾದಳೆಂದು ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆ ಮುತ್ತೈದೆ ಹುಣ್ಣಿಮೆ. ಗಂಡ ಮತ್ತೆ ಬದುಕಿದ, ಹಸಿರು ಬಳೆ ಮತ್ತೆ ಕೈಗೆ ಬಂತು. ಗಂಡ ಸತ್ತದ್ದಕ್ಕೊಂದು ಹುಣ್ಣಿಮೆ, ಬದುಕಿದ್ದಕ್ಕೊಂದು ಹುಣ್ಣಿಮೆ. ಮಗನಿಗೂ ಅದೇ ಗುಡ್ಡದ ಮೇಲೆ ಗುಡಿಯಿದೆ. ಎಲ್ಲವ್ವ ತಾನೇ ಸತ್ತ ದಿನಕ್ಕೆ ಅಳುವ ಹುಣ್ಣಿಮೆಯೊಂದು, ಇಷ್ಟು ವರ್ಷ ಹೋಗಿ ಬಂದರೂ, ನನ್ನ ಕಣ್ಣಿಗೆ ಬಿದ್ದಿಲ್ಲ.

ಪುರಾಣದಿಂದ ನಮ್ಮ ಪಡಸಾಲೆಗೆ ಬಹಳ ದೂರವಿಲ್ಲ. ನಾನು ಹತ್ತು ಹನ್ನೊಂದರವಳಿದ್ದಾಗ ಬಳಗದ ಒಬ್ಬಾಕೆ ತವರಿಗೆ ಓಡಿಬಂದಿದ್ದಳು. ಬೆನ್ನ ಮೇಲೆ ಬಾರುಕೋಲಿನ ಬಾಸುಂಡೆ. ಆಯಿ ಅರಿಸಿನ ಎಣ್ಣೆ ಹಚ್ಚಿದಳು. ಮೂರನೆಯ ದಿನ ಹಿರಿಯರು ಕೂಡಿದರು. ಗಂಡನಿಗೆ ನಾಲ್ಕು ಮಾತು ಬೈದರು, ಚಹಾ ಬಂತು. ಆಮೇಲೆ ಎಲ್ಲರೂ ಆಕೆಯ ಕಡೆ ತಿರುಗಿದರು. “ಆಗಿದ್ದ ಆಗಿ ಹೋತು. ಮರ್ತ ಬಿಡವ್ವಾ. ಹೊಟ್ಟ್ಯಾಗ ಹಾಕ್ಕೊ.” ಬೈಗುಳ ಅವನಿಗೆ, ಕೆಲಸ ಇವಳಿಗೆ. ಸಂಜೆಯ ಬಸ್ಸಿಗೆ ಆಕೆ ಹೋದಳು. ಉಡಿ ತುಂಬಿಯೇ ಕಳಿಸಿದರು.

ಹೊಟ್ಟೆಯಲ್ಲಿ ಹಾಕಿಕೊಳ್ಳುವುದು ನಮ್ಮ ನುಡಿಯ ದೊಡ್ಡ ಮಾತು, ನನಗೆ ಅದರ ಮೇಲೆ ಗೌರವವಿದೆ. ತಪ್ಪು ಒಪ್ಪಿಕೊಂಡು ಬಂದವನನ್ನು ಕ್ಷಮಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ಆದರೆ ಕ್ಷಮೆಗೆ ನೆನಪು ಬೇಕು. ಏನಾಯಿತು ಎಂದು ಗೊತ್ತಿದ್ದವಳು ಮಾತ್ರ ಕ್ಷಮಿಸಬಲ್ಲಳು, ಕ್ಷಮಿಸುವುದಿಲ್ಲ ಎನ್ನಲೂ ಬಲ್ಲಳು. ಮರೆತವಳ ಕೈಯಲ್ಲಿ ಎರಡೂ ಉಳಿದಿರುವುದಿಲ್ಲ. ಪರಶುರಾಮ ತಾಯಿಯ ಕಾಲು ಹಿಡಿದು ಕ್ಷಮೆ ಕೇಳಬಹುದಿತ್ತು. ಕೇಳಿದ್ದರೆ ಆಕೆ ಇಲ್ಲ ಎಂದುಬಿಡುವ ಅಪಾಯವಿತ್ತು. ಮರೆವಿನ ವರ ಕೇಳಿದವನಿಗೆ ಆ ಅಪಾಯವಿಲ್ಲ. ಕ್ಷಮೆಯಲ್ಲಿ ಹೆಂಗಸಿನ ಕೈಯಲ್ಲಿ ಇರುವ ಅಷ್ಟಿಷ್ಟು ಅಧಿಕಾರವನ್ನೂ ಮರೆವು ಕಸಿದುಕೊಳ್ಳುತ್ತದೆ. ಆ ಪಡಸಾಲೆಯಲ್ಲಿ ಆದದ್ದೂ ಅದೇ. ನೀನು ಇವನನ್ನು ಕ್ಷಮಿಸುತ್ತೀಯಾ ಎಂದು ಒಬ್ಬರೂ ಆಕೆಯನ್ನು ಕೇಳಲಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಮರೆಯದೆ ಸಂಸಾರ ನಡೆದೀತೇ? ಪ್ರತಿಯೊಂದು ಕಟು ಮಾತನ್ನೂ ಗಂಟು ಕಟ್ಟಿ ಇಟ್ಟುಕೊಂಡರೆ ಯಾವ ಮನೆ ನಿಂತೀತು? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆಯ ಹಿಂದೆ ಎಷ್ಟೋ ತಲೆಮಾರಿನ ಅನುಭವವಿದೆ. ಒಪ್ಪುತ್ತೇನೆ. ಇಬ್ಬರೂ ಆಡಿ, ಇಬ್ಬರೂ ನೊಂದು, ಇಬ್ಬರೂ ಮರೆಯುವ ಜಗಳಕ್ಕೆ ಆ ಗಾದೆ ಸರಿ. ಒಬ್ಬನ ಕೈಯಲ್ಲಿ ಬಾರುಕೋಲು ಇದ್ದಾಗ ಅದನ್ನು ಜಗಳ ಎಂದು ಕರೆಯುವುದೇ ತಪ್ಪು. ಅಲ್ಲಿ ಮರೆಯಬೇಕಾದವಳು ಒಬ್ಬಳೇ. ಹೊಡೆದವನಿಗೆ ಮರೆಯುವ ಗರಜೇ ಇಲ್ಲ. ಇವಳು ಮರೆತಾಳೆಂಬ ಭರವಸೆ ಅವನಿಗೆ ನೆನಪಿದ್ದರೆ ಸಾಕು, ಮುಂದಿನ ಸಲದ ಧೈರ್ಯಕ್ಕೆ.

ಹೆಂಗಸರೇ ಇದನ್ನು ಒಪ್ಪಿದ್ದಾರಲ್ಲ ಎನ್ನುವವರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಸುಮಾರು 77 ಜನ, ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದಿದ್ದರು. ಗಂಡಸರಲ್ಲಿ ಹಾಗೆಂದವರು ಇನ್ನೂ ಹೆಚ್ಚು. ಈ ಅಂಕಿಯನ್ನು ನಮ್ಮಂಥವರ ಬಾಯಿ ಮುಚ್ಚಿಸಲು ಬಳಸುವುದನ್ನು ಕೇಳಿದ್ದೇನೆ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬೇಕು. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ ವಿವಾಹಿತೆಯರು ನಮ್ಮ ರಾಜ್ಯದಲ್ಲಿ 2015-16ರಲ್ಲಿ ಶೇ. 20.6 ಇದ್ದವರು 2019-21ರಲ್ಲಿ ಶೇ. 44.4 ಆದರು. ನಾಲ್ಕೈದು ವರ್ಷದಲ್ಲಿ ಹೊಡೆತ ಇಮ್ಮಡಿಯಾಯಿತೋ, ಹೇಳುವ ಬಾಯಿ ಇಮ್ಮಡಿಯಾಯಿತೋ? ಎರಡೂ ಇರಬಹುದು. ಹೊಡೆತ ಸರಿ ಎಂದು ಕಲಿತ ಪಾಠ ಒಪ್ಪಿಸಿದ ಬಾಯಿಯೇ, ಮುಂದಿನ ಪ್ರಶ್ನೆಗೆ, ಹೌದು, ನನಗೆ ಹೊಡೆದಿದ್ದಾನೆ ಎಂದೂ ಹೇಳಿರಬಹುದು. ಮನಸ್ಸು ಒಪ್ಪಿಕೊಂಡ ಮೇಲೂ ಮೈ ಮರೆತಿರುವುದಿಲ್ಲ. ನಮ್ಮ ಆಯಿಯ ದನಿ ಅಲ್ಲಿ ಇಳಿಯುತ್ತಿದ್ದುದೂ ಇದಕ್ಕೇ ಇರಬೇಕು ಎಂದು ಈಗ ಅನಿಸುತ್ತದೆ. ಉಧೋ ಎನ್ನುವ ಮೊದಲು ಒಂದು ಗಳಿಗೆ ಆಕೆ ಏನನ್ನೋ ನೆನೆಯುತ್ತಿದ್ದಳು.

ವನಪರ್ವದ ಕತೆಯಲ್ಲಿ ಇನ್ನೂ ನಾಲ್ವರಿದ್ದಾರೆ, ಪರಶುರಾಮನ ಅಣ್ಣಂದಿರು. ತಂದೆ ಮೊದಲು ಹೇಳಿದ್ದು ಅವರಿಗೆ. ಅವರು ಕೈ ಎತ್ತಲಿಲ್ಲ. ಆದರೆ ಬಾಯಿಯನ್ನೂ ತೆರೆಯಲಿಲ್ಲ. ದಿಕ್ಕು ತೋಚದೆ ನಿಂತರು, ಪಶುಗಳಂತೆ ಜಡರಾಗುವ ಶಾಪ ಪಡೆದರು. ಅವರ ಬಗ್ಗೆ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಕೊಲ್ಲದೆ ಉಳಿದದ್ದಕ್ಕೆ ಅವರಿಗೆ ನಮಸ್ಕರಿಸಬೇಕು ಅನಿಸುತ್ತದೆ. ನಾಲ್ಕು ಜನ ಗಟ್ಟಿಮುಟ್ಟಾದ ಗಂಡುಮಕ್ಕಳು ತಾಯಿಗೆ ಅಡ್ಡ ನಿಂತಿದ್ದರೆ ಎಂದೂ ಅನಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯ ಸುದ್ದಿ ಬಂದಾಗ ನೆನಪಾದವರು ಈ ನಾಲ್ವರೇ. ಮಗ ತಾನು ಮೆಚ್ಚಿದ ಹುಡುಗಿಯ ಜೊತೆ ಊರು ಬಿಟ್ಟು ಹೋದನೆಂದು ಅವನ ತಾಯಿಯನ್ನು ರಾತ್ರಿ ಮನೆಯಿಂದ ಎಳೆದು, ಬಟ್ಟೆ ಬಿಚ್ಚಿ, ಕಂಬಕ್ಕೆ ಕಟ್ಟಿ ಹೊಡೆದರು. ಆಗ ವಿಧಾನಮಂಡಲದ ಅಧಿವೇಶನ ಬೆಳಗಾವಿಯಲ್ಲೇ ನಡೆದಿತ್ತು. ಪ್ರಕರಣ ದಾಖಲಾದದ್ದು ಕಾಕತಿ ಠಾಣೆಯಲ್ಲಿ. ಕಾಕತಿ ಎಂದರೆ ಕಿತ್ತೂರಿನ ರಾಣಿ ಚೆನ್ನಮ್ಮ ಹುಟ್ಟಿದ ಊರು. ಹೈಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಹೊಡೆದವರನ್ನಷ್ಟೇ ಅಲ್ಲ, ನೋಡುತ್ತ ನಿಂತವರನ್ನೂ ಪ್ರಶ್ನಿಸಿತು. ಇಡೀ ಊರಿಗೆ ದಂಡ ಹಾಕುತ್ತಿದ್ದ, ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಕಾಲದ ಪುಂಡಗಂದಾಯವನ್ನು ನೆನಪಿಸಿತು. ಕೆಲವು ತಿಂಗಳ ನಂತರ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಾನು ಈ ಮಾತು ತೆಗೆದೆ. ಪಕ್ಕದಲ್ಲಿದ್ದ ಹಿರಿಯರು ನಯವಾಗಿಯೇ ಹೇಳಿದರು: “ನಮ್ಮ ಜಿಲ್ಲಾದ ಹೆಸರ ಕೆಡತೈತಿ ತಂಗಿ, ಆ ಮಾತ ಬ್ಯಾಡ.” ಮರೆವಿನ ವರವನ್ನು ಈ ಸಲ ಒಂದು ಜಿಲ್ಲೆ ಕೇಳುತ್ತಿತ್ತು.

ಹಾಗೆಂದು ನಮ್ಮ ನಾಡಿಗೆ ನೆನಪಿನ ಶಕ್ತಿ ಕಡಿಮೆಯಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದದ್ದು ನಿನ್ನೆ ಮೊನ್ನೆಯಂತೆ ನಮಗೆ ನೆನಪಿದೆ. ಕಂಪನಿ ಸರ್ಕಾರ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು. ಅಲ್ಲೇ 1829ರಲ್ಲಿ ಆಕೆ ತೀರಿಕೊಂಡಳು. ಕೋಟೆ ಕೆಡವಿದರೂ ಲಾವಣಿಯವರ ಬಾಯಿ ಕಟ್ಟಲಾಗಲಿಲ್ಲ. ಬೆಳವಡಿ ಮಲ್ಲಮ್ಮ ಹೆಣ್ಣುಗಳ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದ್ದು ಅದಕ್ಕಿಂತಲೂ ಹಿಂದಿನ ಮಾತು, ಅದೂ ನೆನಪಿದೆ. ಹೊರಗಿನವರ ಮೇಲೆ ಕತ್ತಿ ಹಿರಿದ ಹೆಣ್ಣನ್ನು ನಾವು ಎರಡು ಶತಮಾನ ಕಳೆದರೂ ಮರೆಯಲಿಲ್ಲ. ಮನೆಯೊಳಗೆ ಸಾಕು ಎಂದು ಕೈ ಅಡ್ಡ ಹಿಡಿದವಳನ್ನು ಎರಡು ದಿನ ನೆನಪಿಡಲಿಲ್ಲ. ಇಷ್ಟಾದರೂ ಈ ಭಾಗವನ್ನು ನಮ್ಮ ಭಾಷಣಕಾರರು ಗಂಡು ಮೆಟ್ಟಿದ ನಾಡು ಎಂದೇ ಕರೆಯುತ್ತಾರೆ. ಚೆನ್ನಮ್ಮನ ಪ್ರತಿಮೆಯ ಎದುರಿಗೇ ನಿಂತು ಹಾಗೆಂದದ್ದನ್ನು ನಾನು ಕೇಳಿದ್ದೇನೆ. ಆಕೆಯ ಧೈರ್ಯಕ್ಕೆ ಗಂಡೆದೆ ಎಂಬ ಹೆಸರು ಬೇರೆ. ಈ ಎರಡು ಮಾತನ್ನಾದರೂ ನಾವು ಬಿಡಬೇಕು.

ಕಾನೂನಿನಲ್ಲಿಯೂ ಮರೆವಿನ ಅಂಶ ಇರುತ್ತದೆ. ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟು ಮುತ್ತು ಕಟ್ಟುವುದನ್ನು ನಿಷೇಧಿಸಿ ಮುಂಬೈ ಪ್ರಾಂತ್ಯ 1934ರಲ್ಲಿ ಕಾಯ್ದೆ ಮಾಡಿತು. ನಮ್ಮ ಜಿಲ್ಲೆ ಆಗ ಆ ಪ್ರಾಂತ್ಯದಲ್ಲಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಮಾಡಿತು. ನಿಷೇಧ ಬಂತು ಎಂದ ಕೂಡಲೇ, ಈಗೆಲ್ಲಿದೆ ಅದು ಎನ್ನುವ ಮಾತೂ ಬಂತು. ಸರ್ಕಾರವೇ 1993-94ರಲ್ಲಿ, ಮತ್ತೆ 2007-08ರಲ್ಲಿ ಎಣಿಸಿದಾಗ ಒಟ್ಟು 46,660 ದೇವದಾಸಿಯರು ಸಿಕ್ಕರು. ದಲಿತ ಕೇರಿಯ ಹುಡುಗಿಯರ ಕೊರಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಬಿದ್ದಿತ್ತು, ಮಕ್ಕಳ ತಂದೆಯ ಹೆಸರನ್ನು ಇಡೀ ಊರು ಮರೆತಿತ್ತು. ಯಾರೆಂದು ಎಲ್ಲರಿಗೂ ಗೊತ್ತಿರುವ ಮರೆವು ಅದು. ಇದನ್ನು ಮುರಿದವರು ಆ ಹೆಂಗಸರೇ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ, ತನ್ನಂಥವರ ‘ಮಾಸ್’ ಎಂಬ ಸಂಘಟನೆಯನ್ನು ನಮ್ಮ ಜಿಲ್ಲೆಯಲ್ಲಿ ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನಗಾದದ್ದು ಇದು ಎಂದು ಊರೂರಿಗೆ ಹೋಗಿ, ಕುಳಿತವರ ಮುಖ ನೋಡಿ ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ನಾನು ಊಹಿಸಬಲ್ಲೆ ಅಷ್ಟೇ. ರೇಣುಕೆ ಕೇಳಬೇಕಿದ್ದ ಪ್ರಶ್ನೆಯನ್ನು ಅದೇ ದೇವಿಗೆ ಬಿಡಲಾದ ಹೆಣ್ಣುಮಕ್ಕಳು ಕೇಳಿದರು.

ರೇಣುಕೆಯ ಕೊಡ ಕರಗಿದ ಅದೇ ಮಲಪ್ರಭೆಯ ನೀರಿನಲ್ಲಿ, ಎಂ.ಕೆ. ಹುಬ್ಬಳ್ಳಿಯ ಹತ್ತಿರ, ಗಂಗಾಂಬಿಕೆಯ ಐಕ್ಯಮಂಟಪವಿದೆ. ಬಸವಣ್ಣನ ಹೆಂಡತಿ ಎಂದೇ ಜನ ಆಕೆಯನ್ನು ಗುರುತಿಸುತ್ತಾರೆ. ಆಕೆ ತನ್ನದೇ ಅಂಕಿತವಿಟ್ಟು ವಚನ ಬರೆದವಳು ಎನ್ನುವುದು ನನಗೆ ಹೆಚ್ಚು ಮುಖ್ಯ. ನೆನಪು ಕಳೆದುಕೊಂಡವಳು, ತನ್ನ ಮಾತು ಉಳಿಸಿಹೋದವಳು: ಒಂದೇ ಹೊಳೆ ಎರಡು ಬಗೆಯ ಹೆಂಗಸರನ್ನು ಕಂಡಿದೆ. ಇಬ್ಬರೂ ನಮ್ಮವರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ರಾಮದುರ್ಗದಲ್ಲಿ ನನ್ನ ಚಿಗವ್ವನ ಮಗಳಿದ್ದಾಳೆ. ನೇಕಾರರ ಮನೆ. ಗಂಡ ಮಗ್ಗಕ್ಕೆ ಕೂತರೆ ಇವಳು ಕಂಡಿಕೆ ಸುತ್ತುತ್ತಾಳೆ. ಕೆಲವು ವರ್ಷದ ಹಿಂದೆ ರಾತ್ರಿ ಫೋನ್ ಮಾಡಿದ್ದಳು, ಮಾತಿಗಿಂತ ಅಳುವೇ ಹೆಚ್ಚು. ವೇದಿಕೆಯ ಮೇಲೆ ಸಮಾನತೆಯ ಬಗ್ಗೆ ಮಾತಾಡುವ ನಾನು, ಮರುದಿನದ ಕೆಲಸದ ಚಿಂತೆಯಲ್ಲಿ, ಅವಳ ಎರಡು ಮಕ್ಕಳನ್ನು ನೆನೆದು, “ಸ್ವಲ್ಪ ತಡಿ, ಮನಸಿಗೆ ಹಚ್ಕೋಬ್ಯಾಡ, ಮರ್ತ ಬಿಡು” ಎಂದೆ. ಅವಳು ಹೂಂ ಎಂದಳು. ಆಮೇಲೆ ಬಹಳ ದಿನ ಫೋನ್ ಬರಲಿಲ್ಲ. ಅಂದು ಪಡಸಾಲೆಯಲ್ಲಿ ಚಹಾ ಕುಡಿದ ಹಿರಿಯರ ಮಾತು ನನ್ನ ಬಾಯಿಂದಲೇ ಅಷ್ಟು ಸಲೀಸಾಗಿ ಬಂದಿತ್ತು.

ಹೋದ ವರ್ಷ ನಾನೇ ಹೋದೆ. ಕ್ಷಮಿಸು ಎಂದು ಕೇಳಿದೆ. ಅವಳು ಉತ್ತರ ಕೊಡದೆ ಎದ್ದು, ಮಗ್ಗದ ಕೋಣೆಯ ಗೋಡೆಯಿಂದ ಕ್ಯಾಲೆಂಡರ್ ತೆಗೆದು ತಂದಳು. ಅದರ ಹಿಂದೆ ಹಿಂದಿನ ವರ್ಷದ್ದು, ಅದರ ಹಿಂದಿನದ್ದು, ಒಂದೇ ಮೊಳೆಗೆ. ಹುಣ್ಣಿಮೆ ಅಮಾವಾಸ್ಯೆಯ ಗುರುತುಗಳ ನಡುವೆ ಕೆಲವು ದಿನಗಳ ಮೂಲೆಯಲ್ಲಿ ಪೆನ್ಸಿಲ್ಲಿನ ಸಣ್ಣ ಗೀಟು. ಹಾಲಿನ ಲೆಕ್ಕ ಎಂದುಕೊಂಡೆ. ಅವಳು ಬೆರಳಿಟ್ಟು ಒಂದೊಂದೇ ಓದತೊಡಗಿದಳು: “ಇದು ಎಡಗೈ, ಅಕ್ಕಾ. ಇದು ಪಂಚಮಿ ಮರುದಿನ, ತಲೀಗಿ. ಇದು ನಾ ನಿನಗ ಫೋನ್ ಮಾಡಿದ ದಿನ.” ನಾನು ಚೀಲದಿಂದ ಹಾಳೆ ತೆಗೆದೆ. ತಾರೀಖು ನೋಡಿ ಬರೆದುಕೊಳ್ಳುತ್ತ ಹೋದೆ, ಅವಳು ನಿಲ್ಲಿಸುವ ತನಕ.