ದಮವೂ ದಾನವೂ: ಮಕ್ಕಳ ವಿಚಾರ



ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಕಥೆ ಬರುತ್ತದೆ. ದೇವತೆಗಳು, ಮನುಷ್ಯರು, ಅಸುರರು ಪ್ರಜಾಪತಿಯ ಬಳಿ ಇದ್ದು ಉಪದೇಶ ಬೇಡಿದರು. ಆತ ಮೂವರಿಗೂ ಹೇಳಿದ್ದು ‘ದ’ ಎಂಬ ಒಂದೇ ಅಕ್ಷರ. ದೇವತೆಗಳು ಅದನ್ನು ದಮ, ಅಂದರೆ ಇಂದ್ರಿಯನಿಗ್ರಹ ಎಂದು ತಿಳಿದರು. ಮನುಷ್ಯರು ದಾನ ಎಂದರು, ಅಸುರರು ದಯೆ ಎಂದರು. ಮೂವರದೂ ಸರಿ ಎಂದ ಪ್ರಜಾಪತಿ.

ಒಂದೇ ಅಕ್ಷರದಿಂದ ಹುಟ್ಟಿದ ದಮ, ದಾನಗಳು ಒಡಹುಟ್ಟಿದವರಿದ್ದ ಹಾಗೆ. ಬಾಯಿಗೆ ಹೋಗುವ ಕೈ ಒಂದು ಕ್ಷಣ ನಿಂತರೆ ತಾನೇ ಅದು ಪಕ್ಕದ ತಮ್ಮನ ಕಡೆ ಚಾಚುವುದು? ಆದರೆ ಬರೀ ದಮ ಸಾಲದು. ಲೋಭಿಯೂ ಬಾಯಿ ಕಟ್ಟುತ್ತಾನೆ, ಕೈ ಮಾತ್ರ ಬಿಚ್ಚುವುದಿಲ್ಲ. ಹಾಗಾದರೆ ಎಳೆಯ ಮಕ್ಕಳಿಗೆ ಇವೆರಡೂ ಒಟ್ಟಿಗೆ ಬರುವುದು ಹೇಗೆ?

ಮೊದಲನೆಯದು ನಂಬಿಕೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಎಂದರು. ಅದಕ್ಕೆ ಮುಂಚೆ ಕೊಟ್ಟ ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡಿದ್ದ ಮಕ್ಕಳು ಕಾದದ್ದು 3 ನಿಮಿಷ ಮಾತ್ರ. ಇದು 2013ರಲ್ಲಿ ಪ್ರಕಟವಾಯಿತು. ಮಗುವಿನ ಸಂಯಮಕ್ಕೆ ದೊಡ್ಡವರ ಸತ್ಯವೇ ಊರುಗೋಲು ಎಂದಾಯಿತು. “ಮೆಟ್ಟಿಲು ಹತ್ತು ಕಂದಾ, ಇಳಿಯುವಾಗ ಬೆಂಡು ಬತ್ತಾಸು ಕೊಡಿಸ್ತೀನಿ” ಎಂದವರು ಇಳಿಯುವಾಗ ಮರೆಯಬಾರದು. ಮರೆತರೆ ಮಗು ಕಲಿಯುವುದು ಒಂದೇ ಪಾಠ: ಸಿಕ್ಕಿದ್ದನ್ನು ಈಗಲೇ ಬಾಚಿಕೋ. ನಾಳೆಯ ನಂಬಿಕೆ ಇಲ್ಲದವನು ಇನ್ನೊಬ್ಬರಿಗೆ ಏನು ಕೊಟ್ಟಾನು?

ಎರಡನೆಯದು ಸಂತೋಷ. ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, 2 ವರ್ಷ ತುಂಬದ ಮಕ್ಕಳ ಮುಖ ತಿಂಡಿ ಪಡೆದಾಗಿಗಿಂತ ಬೊಂಬೆಗೆ ಕೊಟ್ಟಾಗ ಹೆಚ್ಚು ಅರಳಿತು. ಬೇರೆಯವರದನ್ನು ಕೊಟ್ಟಾಗಿಗಿಂತ ತಮ್ಮ ಬಟ್ಟಲಿನದನ್ನೇ ಕೊಟ್ಟಾಗ ಇನ್ನೂ ಹೆಚ್ಚು! ಕೊಡುವ ಸುಖವನ್ನು ಭಗವಂತ ಮೊದಲೇ ಒಳಗಿಟ್ಟು ಕಳಿಸಿದ್ದಾನೆ. ಗದರಿಸಿ ಕೈಯಿಂದ ಕಿತ್ತು ಕೊಡಿಸಿದರೆ ಅದು ದಾನವಲ್ಲ, ದಂಡ. ಆ ಸುಖ ಅಲ್ಲೇ ಬಾಡುತ್ತದೆ.

ಆದ್ದರಿಂದ ಪ್ರಸಾದ ಬಂದಾಗ ಮಗುವಿನ ಕೈಗೆ ಅದರ ಪಾಲು ಕೊಡಿ, “ಅಜ್ಜಿಗೂ ಕೊಡ್ತೀಯಾ ಪುಟ್ಟಾ?” ಎಂದು ಕೇಳಿ, ಸುಮ್ಮನೆ ಕಾಯಿರಿ. ಇವತ್ತು ಕೊಡದಿದ್ದರೆ ಬಯ್ಯಬೇಡಿ. ನೀವು ನಿಮ್ಮ ಪಾಲಿನಲ್ಲಿ ಅದಕ್ಕೊಂದು ತುತ್ತು ಕೊಡಿ. ಕಾಯುವುದು ನಿಮ್ಮ ದಮ, ಕೊಡುವುದು ನಿಮ್ಮ ದಾನ. ಮಗು ಎರಡನ್ನೂ ನೋಡುತ್ತಿರುತ್ತದೆ.